ಪರದೆಯೊಳಗೆ ಮೊದಲು ಯಾರು?

ಮನೆಯಲ್ಲಿ ಇದ್ದೂ ಉಪಯೋಗಕ್ಕೆ ಬಾರದ ವಸ್ತುಗಳನ್ನು ಎಣಿಸುತ್ತ ಹೋದರೆ ಅವುಗಳಲ್ಲಿ ಸೊಳ್ಳೆ ಪರದೆಯೂ ಒಂದಾಗಿರುವುದು ಅನೇಕ ಕುಟುಂಬಗಳ ಅನುಭವ. ನಮ್ಮ ಕಡೆ ಮಚ್ಛರದಾನಿ ಎಂದೂ ಕರೆಯುವ ಈ ಪರದೆಯನ್ನು ಸಂತೆಯಿಂದ ತರುತ್ತೇವೆ. ಇಲ್ಲವೆ ಬಾಣಂತನದ ಹೊತ್ತಿಗೆ ತವರಿನವರು ಕೊಡುತ್ತಾರೆ. ಕೂಸು ತೊಟ್ಟಿಲು ಬಿಟ್ಟು ನಡೆಯಲು ಕಲಿಯುತ್ತಲೇ ಪರದೆ ಮಡಿಕೆಯಾಗಿ ಟ್ರಂಕಿನ ತಳ ಸೇರುತ್ತದೆ. ಪರದೆ ಕೊಳ್ಳುವುದು ಒಂದು ಮಾತು, ಅದರೊಳಗೆ ಮಲಗುವುದು ಇನ್ನೊಂದು ಮಾತು. ರೋಗವನ್ನು ತಡೆಯುವುದು ಎರಡನೆಯದು ಮಾತ್ರ.

ಚಳಿಜ್ವರವನ್ನು ಕೆಟ್ಟ ಗಾಳಿಯ ಫಲವೆಂದು ಜನ ಬಹುಕಾಲ ನಂಬಿದ್ದರು. ಮಲೇರಿಯಾ ಎಂಬ ಹೆಸರಿನ ಅರ್ಥವೂ ಅದೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್ ಅವರು, ಜ್ವರಪೀಡಿತನ ರಕ್ತ ಹೀರಿದ್ದ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆ ಶೋಧನೆಯಲ್ಲಿ ಗೃಹಸ್ಥರು ಮನನ ಮಾಡಬೇಕಾದ ಒಂದು ಅಂಶವಿದೆ. ಸೊಳ್ಳೆ ರೋಗವನ್ನು ಹೊತ್ತುಕೊಂಡೇ ಹುಟ್ಟುವುದಿಲ್ಲ. ಅದು ರೋಗಾಣುವನ್ನು ಪಡೆಯುವುದು ಮನುಷ್ಯನಿಂದ. ರೋಗಿಯನ್ನು ಕಚ್ಚಿದ ಹೆಣ್ಣು ಸೊಳ್ಳೆಯ ದೇಹದಲ್ಲಿ ರೋಗಾಣು ಸುಮಾರು ಹತ್ತು ಹನ್ನೆರಡು ದಿನ ಬೆಳೆದು, ಆಮೇಲೆ ಆ ಸೊಳ್ಳೆ ಕಚ್ಚಿದವರಿಗೆಲ್ಲ ಅಂಟುತ್ತದೆ.

ಆದ್ದರಿಂದ ಮನೆಯಲ್ಲಿ ಒಂದೇ ಪರದೆಯಿದ್ದು ಒಬ್ಬರು ಚಳಿಜ್ವರದಿಂದ ಮಲಗಿದ್ದರೆ, ಆ ಪರದೆಯೊಳಗೆ ಮೊದಲು ಇರಬೇಕಾದವರು ಆ ರೋಗಿಯೇ. ‘ಹೇಗೂ ಜ್ವರ ಬಂದಾಗಿದೆ, ಇನ್ನು ಪರದೆ ಏಕೆ?’ ಎಂಬ ಮಾತು ಸಹಜವೆನಿಸಿದರೂ ಸರಿಯಲ್ಲ. ರೋಗಿಗೆ ಕಟ್ಟಿದ ಪರದೆ ಉಳಿದವರನ್ನು ಕಾಯುತ್ತದೆ.

ರೋಗಿಯ ನಂತರದ ಸ್ಥಾನ ಗರ್ಭಿಣಿಗೆ, ಬಾಣಂತಿಗೆ, ಎಳೆಯ ಮಕ್ಕಳಿಗೆ. ಗರ್ಭಿಣಿಗೆ ಮಲೇರಿಯಾ ತಗುಲಿದರೆ ರಕ್ತಹೀನತೆ ಹೆಚ್ಚುತ್ತದೆ, ಗರ್ಭಪಾತವಾಗಬಹುದು, ಕೂಸು ಕಡಿಮೆ ತೂಕದ್ದಾಗಿ ಹುಟ್ಟಬಹುದು. ಆದರೆ ನಮ್ಮ ಮನೆಗಳ ರೂಢಿ ಹೇಗಿದೆ? ಗಾಳಿ ಬರುವ ಪಡಸಾಲೆಯ ಮಂಚವೂ ಅದರ ಮೇಲಿನ ಪರದೆಯೂ ಮನೆಯ ಯಜಮಾನರಿಗೆ, ಇಲ್ಲವೆ ಬಂದ ಅತಿಥಿಗೆ. ಎಲ್ಲರ ಊಟ ಮುಗಿದು, ಪಾತ್ರೆ ತೊಳೆದು, ಹೊತ್ತು ಮೀರಿ ಮಲಗುವ ಸೊಸೆಗೆ ಅಡಿಗೆಮನೆಯ ಮಗ್ಗುಲಲ್ಲಿ ಒಂದು ಕೌದಿ. ಎಲ್ಲರಿಗಿಂತ ಹೆಚ್ಚು ರಕ್ಷಣೆ ಬೇಕಾದವಳಿಗೆ ಎಲ್ಲರಿಗಿಂತ ಕಡಿಮೆ ರಕ್ಷಣೆ. ಇದನ್ನು ಬದಲಿಸಲು ದುಡ್ಡು ಬೇಕಾಗಿಲ್ಲ, ಹಿರಿಯರ ಒಂದು ಮಾತು ಸಾಕು. ಅತ್ತೆಯಾದವರು ಆ ಮಾತನ್ನು ಮೊದಲು ಆಡಿದರೆ ಮನೆಯಲ್ಲಿ ಯಾರೂ ಮೀರಲಾರರು.

‘ಈಗ ಮಲೇರಿಯಾ ಎಲ್ಲಿದೆ?’ ಎಂದು ಕೇಳುವವರಿದ್ದಾರೆ. ಹಿಂದಿನಷ್ಟು ಇಲ್ಲವೆಂಬುದು ನಿಜ. ಆದರೆ ಹಿಂದಿನ ಕಥೆಯನ್ನು ಮರೆಯಬಾರದು. ಗದಗ ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1940ರ ದಶಕದ ಮಧ್ಯಭಾಗದಲ್ಲಿ, ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಡಿ.ಟಿ. ಸಿಂಪಡಣೆಯ ಪ್ರಯೋಗ ನಡೆಯಿತು. ಅಂಥ ಪ್ರಯೋಗಗಳ ಯಶಸ್ಸಿನ ಬಲದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ವರ್ಷಕ್ಕೆ ಏಳೂವರೆ ಕೋಟಿ ಜನರನ್ನು ಬಾಧಿಸುತ್ತಿತ್ತೆಂದು ಅಂದಾಜಿಸಿದ್ದ ರೋಗ 1965ರ ವೇಳೆಗೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಎಚ್ಚರ ತಪ್ಪಿದ್ದೇ ತಡ, 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ ಮುಟ್ಟಿತು. ಸೊಳ್ಳೆ ಕೀಟನಾಶಕವನ್ನು ಎದುರಿಸುವ ಶಕ್ತಿ ಪಡೆದಿತ್ತು. ಜನ ಮಾತ್ರ ಮೈಮರೆತಿದ್ದರು. 2030ರೊಳಗೆ ದೇಶವನ್ನು ಮಲೇರಿಯಾಮುಕ್ತಗೊಳಿಸುವ ಗುರಿ ಈಗ ನಮ್ಮ ಮುಂದಿದೆ. ರೋಗ ವಿರಳವಾದಾಗಲೇ ಎಚ್ಚರ ಹೆಚ್ಚು ಬೇಕು.

ಇನ್ನೊಂದು ಸಂಗತಿಯಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಉತ್ತರ ಕರ್ನಾಟಕದ ತರುಣರು ಕಟ್ಟಡದ ಕೆಲಸಕ್ಕೆ ಮಂಗಳೂರಿಗೋ ಗೋವೆಗೋ ಹೋಗುವುದುಂಟು. 1990ರ ದಶಕದಿಂದ ಮಂಗಳೂರು ನಗರ ಮಲೇರಿಯಾದಿಂದ ಬಹಳ ಬಾಧೆಪಟ್ಟಿತು. ಕಟ್ಟಡ ಕಾರ್ಮಿಕರೇ ಅದಕ್ಕೆ ಹೆಚ್ಚಾಗಿ ತುತ್ತಾದರು. ಹೀಗೆ ದುಡಿಯಲು ಹೋದ ಮಗ ಹಬ್ಬಕ್ಕೋ ಜಾತ್ರೆಗೋ ಮನೆಗೆ ಬಂದಾಗ ಜ್ವರವಿದ್ದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ರಾತ್ರಿ ಪರದೆಯೊಳಗೆ ಮಲಗಿಸಬೇಕು. ಆಶಾ ಕಾರ್ಯಕರ್ತೆಯರಿಗೆ ತಿಳಿಸಿದರೆ ಪರೀಕ್ಷೆಗೆ ಅವರ ನೆರವು ದೊರೆಯುತ್ತದೆ. ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಮತ್ತೆ ತಲೆಯೆತ್ತುತ್ತದೆ. ಅದಕ್ಕಾಗಿ ವೈದ್ಯರು 14 ದಿನಗಳ ಮಾತ್ರೆ ಕೊಡುತ್ತಾರೆ. ಮೂರು ದಿನಕ್ಕೆ ಜ್ವರ ಬಿಟ್ಟಿತೆಂದು ಮಾತ್ರೆ ಬಿಡಬಾರದು. ಗರ್ಭಿಣಿಯರೂ ಕೂಸುಗಳೂ ವೈದ್ಯರ ಸಲಹೆಯಿಲ್ಲದೆ ಈ ಔಷಧ ಸೇವಿಸಬಾರದು.

ಇಲ್ಲಿ ಗದಗ ತಾಲೂಕಿನ ಕಣಗಿನಹಾಳದ ನೆನಪು ಉಚಿತವಾದುದು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಆ ಪುಟ್ಟ ಊರಿನಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. 1904ರ ಕಾಯಿದೆಯಂತೆ ಹಳ್ಳಿಯ ಸಂಘಗಳಲ್ಲಿ ಒಬ್ಬನ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆ. ಒಂಟಿ ರೈತನಿಗೆ ಸಿಗದ ಪತ್ತು ಒಂದಾದ ರೈತರಿಗೆ ಸಿಕ್ಕಿತು.

ಪರದೆಯ ಗುಣವೂ ಹೀಗೆಯೇ. ಸಾದಾ ಪರದೆ ಒಳಗಿದ್ದವರನ್ನಷ್ಟೇ ಕಾಯುತ್ತದೆ. ನೂಲಿನಲ್ಲಿಯೇ ಕೀಟನಾಶಕ ಬೆರೆತ ಔಷಧಯುಕ್ತ ಪರದೆ ತನ್ನ ಮೇಲೆ ಕುಳಿತ ಸೊಳ್ಳೆಯನ್ನು ಕೊಲ್ಲುತ್ತದೆ. ಊರಿನ ಬಹುಪಾಲು ಮನೆಗಳು ಇದನ್ನು ಬಳಸಿದರೆ ಸೊಳ್ಳೆಗಳ ಸಂಖ್ಯೆಯೂ ಆಯುಷ್ಯವೂ ಕುಗ್ಗಿ, ಪರದೆಯಿಲ್ಲದ ನೆರೆಮನೆಗೂ ಒಂದಿಷ್ಟು ರಕ್ಷಣೆ ಒದಗುತ್ತದೆ. ಒಡಿಶಾ ರಾಜ್ಯದಲ್ಲಿ 2017ರಲ್ಲಿ ಒಂದು ಕೋಟಿಗೂ ಮಿಕ್ಕಿ ಇಂಥ ಪರದೆಗಳನ್ನು ಹಂಚಲಾಯಿತು. ಜೊತೆಗೆ ಮನೆಮನೆಗೆ ಹೋಗಿ ಪರೀಕ್ಷೆ, ಚಿಕಿತ್ಸೆ ನಡೆಸಲಾಯಿತು. 2016ರಲ್ಲಿ ಅಲ್ಲಿ 4 ಲಕ್ಷ ಮೀರಿದ್ದ ಮಲೇರಿಯಾ ಪ್ರಕರಣಗಳು 2018ರಲ್ಲಿ 70 ಸಾವಿರದೊಳಗೆ ಬಂದವು.

ಸರ್ಕಾರದ ಉಚಿತ ಪರದೆಗಳು ರೋಗಬಾಧೆ ಹೆಚ್ಚಿರುವ ಊರುಗಳಿಗೆ ಮೊದಲು ಸಲ್ಲುತ್ತವೆ. ಉಳಿದ ಊರುಗಳು ಕೈಕಟ್ಟಿ ಕೂಡಬೇಕಿಲ್ಲ. ಸ್ತ್ರೀಶಕ್ತಿ ಸಂಘದ ತಾಯಂದಿರು ತಮ್ಮ ಉಳಿತಾಯದಿಂದ ಪರದೆಗಳನ್ನು ಒಟ್ಟಾಗಿ ಕೊಂಡು ಸದಸ್ಯರಿಗೆ ಕಂತಿನಲ್ಲಿ ಕೊಡಬಹುದು. ಇಬ್ಬರಿಗೆ ಒಂದು ಪರದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮದುವೆಯಲ್ಲಿ ಪಾತ್ರೆ ಪಡಗಗಳನ್ನೇ ಮತ್ತೆ ಮತ್ತೆ ಉಡುಗೊರೆ ಮಾಡುವ ಬದಲು ಒಳ್ಳೆಯ ಪರದೆಯೊಂದನ್ನು ಕೊಡುವುದೂ ಶೋಭೆಯ ಸಂಗತಿಯೇ.

ಬಳಕೆಯ ಕ್ರಮ ಸುಲಭ. ಹೊಸ ಔಷಧಯುಕ್ತ ಪರದೆಯನ್ನು ಒಂದು ದಿನ ನೆರಳಿನಲ್ಲಿ ಗಾಳಿಗೆ ಹರವಿ ಆಮೇಲೆ ಕಟ್ಟಬೇಕು. ಅದು ಕೂಸಿಗೂ ಅಪಾಯಕರವಲ್ಲ. ಸೆರಗನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಮೈ ಪರದೆಗೆ ತಾಗಬಾರದು, ತಾಗಿದೆಡೆ ಸೊಳ್ಳೆ ಹೊರಗಿನಿಂದಲೇ ಕಚ್ಚಬಲ್ಲದು. ತೂತಾದರೆ ಅಂದೇ ಹೊಲಿಯಬೇಕು. ಸಾದಾ ಸಾಬೂನಿನಿಂದ ಮೆಲ್ಲಗೆ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಔಷಧ ಕ್ಷೀಣಿಸುತ್ತದೆ. ಕೆರೆ ಹಳ್ಳಗಳಲ್ಲಿ ತೊಳೆಯಬಾರದು, ಮೀನಿಗೆ ಅದು ವಿಷ. ಸುಮಾರು 20 ಬಾರಿ ತೊಳೆಯುವವರೆಗೆ, ಅಂದರೆ ಮೂರು ವರ್ಷ, ಇದರ ಗುಣ ನಿಲ್ಲುತ್ತದೆ.

ಬೇಸಿಗೆಯ ಸೆಕೆಗೆ ಮಾಳಿಗೆಯ ಮೇಲೋ ಅಂಗಳದಲ್ಲೋ ಮಲಗುವವರು ಹೊರಸಿನ ನಾಲ್ಕು ಕಾಲಿಗೆ ಬಿದಿರ ಗಳ ಕಟ್ಟಿ ಪರದೆ ಇಳಿಬಿಡಬಹುದು. ರಾತ್ರಿ ಹೊಲ ಕಾಯಲು ಹೋಗುವವರಿಗೂ ಒಂದು ಪರದೆ ಬುತ್ತಿಯ ಗಂಟಿನೊಡನೆ ಹೋಗಲಿ. ಬೇವಿನ ಸೊಪ್ಪಿನ ಹೊಗೆ ಆರಿದ ಮೇಲೆ ಅದರ ಕಾವಲೂ ಮುಗಿಯುತ್ತದೆ. ಅನಾಫಿಲಿಸ್ ಸೊಳ್ಳೆಯಾದರೋ ಮುಸ್ಸಂಜೆಯಿಂದ ನಸುಕಿನವರೆಗೆ ಕಚ್ಚುತ್ತದೆ.

ಪರದೆಯೊಂದೇ ಸಾಲದು. ಈ ಸೊಳ್ಳೆ ಹುಟ್ಟುವುದು ಕೊಳಚೆಯಲ್ಲಲ್ಲ, ತಿಳಿನೀರಿನಲ್ಲಿ. ನೀರಿನ ಕೊರತೆಯಿಂದ ಹರವಿ, ಡ್ರಮ್ಮು, ತೊಟ್ಟಿಗಳಲ್ಲಿ ನೀರು ಕೂಡಿಡುವ ನಾವು ಅವನ್ನು ಮುಚ್ಚಿಡಬೇಕು; ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ಒಣಗಿಸಬೇಕು. ಬಾವಿ, ಕೃಷಿಹೊಂಡಗಳಲ್ಲಿ ಗಪ್ಪಿ ಮೀನು ಬಿಟ್ಟರೆ ಸೊಳ್ಳೆಯ ಮರಿಗಳನ್ನು ಅದು ತಿನ್ನುತ್ತದೆ. ಡೆಂಗೆ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಹಗಲು ಮಲಗುವ ಕೂಸಿಗೂ ಪರದೆ ಇರಲಿ.

ವಾಚಕ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೆ. ಇಂದು ರಾತ್ರಿ ದೀಪ ಆರಿಸುವ ಮುನ್ನ ಮನೆಯನ್ನೊಮ್ಮೆ ಸುತ್ತಿ ನೋಡಿ. ಪರದೆ ಎಷ್ಟಿವೆ, ಅವುಗಳೊಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ? ಹೊರಗೆ ಉಳಿದವರು ಗರ್ಭಿಣಿಯೋ, ಮಗುವೋ, ಜ್ವರದಿಂದ ನರಳುವವರೋ ಆಗಿದ್ದರೆ ಹಾಸಿಗೆಗಳ ಸ್ಥಾನವನ್ನು ಈ ರಾತ್ರಿಯೇ ಬದಲಿಸಿ.