ಮೊದಲ ನಾಲ್ಕು ಅಕ್ಷರ



ಇಂಗ್ಲಿಷ್ ಪದದ ಮೊದಲ ಅಕ್ಷರಗಳನ್ನು ನೋಡಿಯೇ ಅರ್ಥ ಹೇಳಿಬಿಡುವ ಅಭ್ಯಾಸ ನಿಮಗಿದೆಯೇ? ನನಗಿತ್ತು. ಅದರಿಂದ ಏನಾಯಿತೆಂದು ಕೇಳಿ.

ನಮ್ಮೂರು ಕೋಲಾರದ ಸುಗಟೂರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ನಾನಾಗ ಆರನೇ ತರಗತಿ. ರೇಷ್ಮೆ ಇಲಾಖೆಯ ಜೀಪಿನ ಮೇಲೆ ಇಂಗ್ಲಿಷಿನಲ್ಲಿ ‘ಸೆರಿಕಲ್ಚರ್’ ಎಂದು ಬರೆದಿರುತ್ತಿತ್ತು. ಎಸ್, ಇ, ಆರ್, ಐ ಕಂಡರೆ ರೇಷ್ಮೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಒಂದು ಮಧ್ಯಾಹ್ನ ಟೆಲಿಗ್ರಾಂ ಬಂತು. ಹುಳುಗಳು ನಾಲ್ಕನೇ ಜ್ವರ ದಾಟಿ ಹಗಲೂ ರಾತ್ರಿ ಮೇಯುವ ಕಾಲ. ಅಪ್ಪ ಅಮ್ಮ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಬಿಡಿಸಿ ನೋಡಿದೆ. ಒಂದು ಪದದ ತಲೆಯಲ್ಲಿ ಅದೇ ನಾಲ್ಕು ಅಕ್ಷರ! ಅಪ್ಪ ಬಂದೊಡನೆ, “ರೇಷ್ಮೆ ಇಲಾಖೆಯವರದಪ್ಪಾ” ಎಂದೆ. “ನಾಳೆ ನೋಡಿದರಾಯಿತು” ಎಂದು ಅವರು ಅದನ್ನು ಗೋಡೆಯ ಗೂಡಿನಲ್ಲಿಟ್ಟರು.

ಸಂಜೆ ಮನೆಗೆ ಬಂದ ಮೇಷ್ಟ್ರು ಓದಿದರು. ಬೆಂಗಳೂರಿನಿಂದ ಸೋದರಮಾವ ಕಳಿಸಿದ್ದು: ಅಜ್ಜಿಗೆ ಸೀರಿಯಸ್, ಕೂಡಲೇ ಹೊರಡಿ. ಅಪ್ಪ ಅಮ್ಮ ಕೊನೆಯ ಬಸ್ಸಿಗೆ ಓಡಿದರು. ಅಜ್ಜಿ ಮಗಳ ಗುರುತು ಹಿಡಿದರಂತೆ, ಬೆಳಗಾಗುವಷ್ಟರಲ್ಲಿ ತೀರಿಕೊಂಡರು. ನನ್ನನ್ನು ಯಾರೂ ಬೈಯಲಿಲ್ಲ. ಆದರೆ ಅಮ್ಮ ತನ್ನ ತಾಯಿಯ ಜೊತೆ ಕಳೆಯಬಹುದಾಗಿದ್ದ ಅರ್ಧ ದಿನ ನನ್ನಿಂದ ಹೋಯಿತು.

ಈಗ ಆ ಪದಗಳನ್ನು ನೋಡೋಣ. ‘ಸೆರಿಕಲ್ಚರ್’ ಬಂದದ್ದು ಲ್ಯಾಟಿನ್ನಿನ ‘ಸೆರಿಕುಮ್’ನಿಂದ, ಹಾಗೆಂದರೆ ರೇಷ್ಮೆ. ನೂಲು ಬಿಚ್ಚುವಾಗ ಬಿಸಿನೀರಿನಲ್ಲಿ ಸಡಿಲವಾಗುವ ಗೂಡಿನ ಅಂಟಿಗೆ ‘ಸೆರಿಸಿನ್’ ಎಂಬ ಹೆಸರೂ ಅಲ್ಲಿಯದೇ. ‘ಸೀರಿಯಸ್’ ಬೇರೆ ಮನೆತನದ್ದು. ಅದರ ಮೂಲಪದದ ಅರ್ಥ ಗಂಭೀರ. ಟಿ.ವಿ.ಯ ‘ಸೀರಿಯಲ್’ ಇನ್ನೊಂದು ಮನೆಯದು. ‘ಸೀರೀಸ್’ ಎಂದರೆ ಸಾಲು. ಒಂದರ ಹಿಂದೊಂದು ಕಂತು ಬರುವುದರಿಂದ ಸೀರಿಯಲ್. ಉಚ್ಚಾರ ಬೇರೆಯಾದರೂ ಮೂರಕ್ಕೂ ಮೊದಲ ಅಕ್ಷರಗಳು ಅವೇ ನಾಲ್ಕು.

ಕನ್ನಡದಲ್ಲೂ ಹೀಗೇ ಅಲ್ಲವೇ? ಹುಳು, ಹುಳಿ ಎರಡೂ ‘ಹು’ದಿಂದಲೇ ಶುರು. ಹಾಗೆಂದು ಅನ್ನಕ್ಕೆ ಹುಳು ಕಲಸುತ್ತೇವೆಯೇ?

ಊಹಿಸುವುದು ತಪ್ಪಲ್ಲ. ಊಹಿಸಿದ ಮೇಲೆ ಇಡೀ ಪದ ಓದಿ, ನಿಘಂಟು ತೆರೆಯಿರಿ, ಬಲ್ಲವರನ್ನು ಕೇಳಿ. ಅಂದು ನಾನು “ಗೊತ್ತಾಗಲಿಲ್ಲಪ್ಪಾ” ಎಂದಿದ್ದರೆ ಅಪ್ಪ ಆಗಲೇ ಮೇಷ್ಟ್ರ ಮನೆಗೆ ಹೋಗುತ್ತಿದ್ದರು.

ಈ ವಾರದ ಪ್ರಶ್ನೆ: ‘ಕಾರ್ಪೆಟ್’, ‘ಕಾರ್ಪೆಂಟರ್’ ಎರಡಕ್ಕೂ ಮೊದಲ ಐದು ಅಕ್ಷರ ಒಂದೇ. ಕಾರ್ಪೆಂಟರ್ ಮಾಡುವುದು ಕಾರ್ಪೆಟ್ಟನ್ನೇ? ನಿಘಂಟು ನೋಡಿ ಹೇಳಿ.