ಮೂಗಿನ ಕಾಟಕ್ಕೆ ಮಗುವಿಗೇಕೆ ಏಟು?

ಸೆಪ್ಟೆಂಬರ್ ಬಂತೆಂದರೆ ಕ್ವಾರ್ಟರ್ಲಿ ಪರೀಕ್ಷೆ, ಡಿಸೆಂಬರ್ ಬಂತೆಂದರೆ ಹಾಫ್ ಇಯರ್ಲಿ. ಹೊಸೂರು, ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಶಾಲೆಗಳಿಂದ ಹೆತ್ತವರಿಗೆ ಕರೆ ಬರುವುದೂ ಹೆಚ್ಚಾಗಿ ಈ ಎರಡು ಪರೀಕ್ಷೆಗಳ ಹಿಂದುಮುಂದೆಯೇ. "ನಿಮ್ ಹುಡುಗ ಒಂದ್ ಕಡೆ ಕೂರಲ್ಲ, ಹೇಳಿದ್ದು ಕಿವಿಗೆ ಹಾಕ್ಕೊಳ್ಳಲ್ಲ, ಪಕ್ಕದವನ್ನ ಚಿವುಟ್ತಾನೆ" ಎಂಬ ದೂರು. ಅಪ್ಪ ಮನೆಗೆ ಬಂದು ಎರಡು ಬಾರಿಸುತ್ತಾನೆ. ಹುಡುಗ ಅಳುತ್ತಾನೆ, ಸೀನುತ್ತಾನೆ, ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿಕೊಳ್ಳುತ್ತಾನೆ. ಆ ಸೀನನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತೆಗೆದುಕೊಳ್ಳಬೇಕು ಎಂಬುದೇ ಇಲ್ಲಿನ ವಾದ. ಯಾಕೆಂದರೆ ಈ ಎರಡು ಪರೀಕ್ಷೆಗಳ ಕಾಲಕ್ಕೇ ನಮ್ಮ ಸೀಮೆಯ ಗಾಳಿಯೂ ಕೆಡುತ್ತದೆ. ಮುಂಗಾರು ಮಳೆ ಬಿದ್ದ ಮೇಲೆ ರಸ್ತೆ ಬದಿ, ಶಾಲೆ ಕಾಂಪೌಂಡು, ಸಿಪ್‌ಕಾಟ್‌ನ ಖಾಲಿ ನಿವೇಶನ ಎಲ್ಲೆಲ್ಲೂ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟು ನಿಲ್ಲುತ್ತದೆ. ಅದು ಮುಗಿಯಿತು ಎನ್ನುವಷ್ಟರಲ್ಲಿ ರಾಗಿ ಕಟಾವು. ಕಣಗಳು ಮಾಯವಾಗಿ ಡಾಂಬರು ರಸ್ತೆಯೇ ಕಣವಾಗಿರುವ ಊರುಗಳಲ್ಲಿ ಲಾರಿ, ಬಸ್ಸು, ಬೈಕುಗಳ ಚಕ್ರದಡಿ ತೆನೆ ಉದುರುತ್ತದೆ. ಆ ಧೂಳು ಹೊಗೆಯೊಡನೆ ಸೇರಿ ಅದೇ ರಸ್ತೆಯಲ್ಲಿ ಶಾಲೆಗೆ ನಡೆಯುವ ಮಕ್ಕಳ ಮೂಗಿಗೇರುತ್ತದೆ. ಮೇಲೆ ತಳಿ ಕಡೆಯ ಚಳಿ ಬೇರೆ. ವರ್ಷಾನುಗಟ್ಟಲೆ ಬಿಸಿಲು ಕಾಣದ ಕಂಬಳಿಯನ್ನು ಆಗ ಅಟ್ಟದಿಂದ ಇಳಿಸಿ ಮಗುವಿಗೆ ಹೊದಿಸುತ್ತೇವೆ. ಕೃಷ್ಣಗಿರಿ ಕಡೆಯವರು ಮಾವಿನ ಹೂವನ್ನು ಬೈಯುವುದುಂಟು. ಆದರೆ ಮಾವಿನ ಪರಾಗ ಹೆಚ್ಚಾಗಿ ನೊಣ, ಕೀಟಗಳ ಮೈಗೆ ಅಂಟಿ ಸಾಗುವಂಥದು. ಗಾಳಿಯಲ್ಲಿ ದೂರ ಹಾರುವ ಹುಲ್ಲಿನ ಪರಾಗ, ಹರಳು ಗಿಡದ ಪರಾಗಗಳ ಕಾಟವೇ ದೊಡ್ಡದು.

ಕಾಂಗ್ರೆಸ್ ಗಿಡದ ಬಗ್ಗೆ ನಮ್ಮ ಪಕ್ಕದಲ್ಲೇ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಂಗಳೂರಿನಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಈ ಗಿಡದಿಂದ ಮೂಗಿನ ಅಲರ್ಜಿ ಇತ್ತು. ಅಲ್ಲಿಯೇ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟರು. 1979ರಲ್ಲಿ ನೂರಕ್ಕೆ 9 ಇದ್ದ ಅಸ್ತಮಾ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ಇದೆಲ್ಲ ಬೆಂಗಳೂರಿನ ಲೆಕ್ಕ, ನಮಗೇನು ಎನ್ನುವಂತಿಲ್ಲ. ಅತ್ತಿಬೆಲೆಯಲ್ಲಿ ಪರಾಗಕ್ಕೆ ಚೆಕ್‌ಪೋಸ್ಟ್ ಇಲ್ಲವಷ್ಟೆ.

ಇನ್ನು ಆ ತುಂಟ ಹುಡುಗನ ವಿಷಯ. ಗಮನ ನಿಲ್ಲದಿರುವುದು, ಅತಿಚಟುವಟಿಕೆ, ಹಿಂದುಮುಂದು ನೋಡದೆ ಮಾಡಿಬಿಡುವುದು ಇವೆಲ್ಲ ಸೇರಿದ ತೊಂದರೆಗೆ ವೈದ್ಯರು ಎಡಿಎಚ್‌ಡಿ ಎನ್ನುತ್ತಾರೆ. ಇದು ಸಿರಿವಂತರ ಮಕ್ಕಳಿಗೆ ಬರುವ ಇಂಗ್ಲಿಷ್ ಕಾಯಿಲೆ ಎಂಬ ಭಾವನೆ ನಮ್ಮಲ್ಲಿದೆ. ಇದೇ ತಮಿಳುನಾಡಿನ ಕೊಯಮತ್ತೂರಿನಲ್ಲಿ ನಾಲ್ಕು ಶಾಲೆಗಳ 6ರಿಂದ 11 ವರ್ಷದ 770 ಮಕ್ಕಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಮಕ್ಕಳಲ್ಲಿ ಈ ತೊಂದರೆ ಕಂಡುಬಂತು. ಬೇರೆಡೆಯ ಸಮೀಕ್ಷೆಗಳು ಇದಕ್ಕಿಂತ ಕಡಿಮೆ ಹೇಳಿವೆ, ಇರಲಿ. ಅರ್ಧದಷ್ಟು ಎಂದುಕೊಂಡರೂ 40 ಮಕ್ಕಳ ತರಗತಿಯಲ್ಲಿ ಇಬ್ಬರು ಸಿಗುತ್ತಾರೆ. ಇದು ಬಹುಪಾಲು ಹುಟ್ಟಿನಿಂದ, ವಂಶದಿಂದ ಬರುವಂಥದು. ಧೂಳಿನಿಂದ ಎಡಿಎಚ್‌ಡಿ ಬರುತ್ತದೆ ಎಂದು ಯಾರೂ ಸಾಬೀತು ಮಾಡಿಲ್ಲ. ಆದರೆ ಅಲರ್ಜಿ ಇರುವ ಮಕ್ಕಳಲ್ಲಿ ಎಡಿಎಚ್‌ಡಿ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಅಲರ್ಜಿ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ ಎಂಬುದನ್ನು ತೈವಾನಿನ ಆರೋಗ್ಯ ವಿಮೆಯ ದಾಖಲೆಗಳನ್ನು ಜಾಲಾಡಿದವರು ತೋರಿಸಿದ್ದಾರೆ.

ಇದಕ್ಕೆ ದೊಡ್ಡ ವಿಜ್ಞಾನ ಬೇಕಿಲ್ಲ. ಮೂಗು ಕಟ್ಟಿದ ಮಗು ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡುತ್ತದೆ, ಹೊರಳಾಡುತ್ತದೆ, ಹತ್ತು ಸಲ ಎಚ್ಚರಗೊಳ್ಳುತ್ತದೆ. ನಿದ್ದೆಗೆಟ್ಟ ದೊಡ್ಡವರು ಮರುದಿನ ತೂಕಡಿಸುತ್ತಾರೆ. ನಿದ್ದೆಗೆಟ್ಟ ಮಗು ಎಷ್ಟೋ ಸಲ ತೂಕಡಿಸುವುದಿಲ್ಲ, ತಿರುಗಾ ಕುಣಿಯುತ್ತದೆ, ಸಿಡುಕುತ್ತದೆ, ಹಟ ಹಿಡಿಯುತ್ತದೆ. ಮೊದಲೇ ಗಮನ ನಿಲ್ಲದ ಮಗುವಿಗೆ ಇದೂ ಸೇರಿದರೆ ಉರಿಯುವ ಬೆಂಕಿಗೆ ತುಪ್ಪ. ಕಿವಿಯ ಸಂಗತಿಯೂ ಇದೆ. ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಸಣ್ಣ ಕೊಳವೆ ಊದಿಕೊಂಡು ಮುಚ್ಚಿದರೆ ಕಿವಿಯೊಳಗೆ ನೀರು ತುಂಬಿ ಮಾತು ಮಂಕಾಗಿ ಕೇಳುತ್ತದೆ. ಮನೆಯಲ್ಲಿ ಕನ್ನಡವೋ ತೆಲುಗೋ ಆಡಿ, ತರಗತಿಯಲ್ಲಿ ತಮಿಳು ಕೇಳುವ ನಮ್ಮ ಮಕ್ಕಳ ಪಾಡು ಊಹಿಸಿ. 2006ರ ಕಾಯಿದೆಯಿಂದ ಒಂದನೇ ತರಗತಿಯಿಂದಲೇ ತಮಿಳು ಕಲಿಯಬೇಕಾಗಿ ಬಂತು. ಅದರ ಸರಿತಪ್ಪು ಇಲ್ಲಿ ಬೇಡ. ಮಗುವಿಗೆ ಗಮನವಿಲ್ಲವೋ, ಕೇಳಿಸುತ್ತಿಲ್ಲವೋ, ಕೇಳಿಸಿದರೂ ಅರ್ಥವಾಗುತ್ತಿಲ್ಲವೋ ಎಂದು ಬಿಡಿಸಿ ನೋಡುವ ತಾಳ್ಮೆ ಯಾರಿಗಿದೆ? ಮೂರಕ್ಕೂ ಒಂದೇ ಹೆಸರು, ಮೊದ್ದು.

ಎಡಿಎಚ್‌ಡಿ ಎಂದು ಹೇಳಲು ವೈದ್ಯರಿಗೆ ಅಳತೆಗೋಲಿದೆ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಅಂದರೆ ಸೆಪ್ಟೆಂಬರ್‌ನಲ್ಲಿ ಕುಣಿದು ನವೆಂಬರ್‌ನಲ್ಲಿ ತಣ್ಣಗಾಗುವ ಮಗುವಿನ ತೊಂದರೆ ಬೇರೆಯೇ ಇರಬಹುದು. ವರ್ಷವಿಡೀ ಕುಣಿಯುತ್ತ, ಸೀನು ಬಂದಾಗ ದುಪ್ಪಟ್ಟಾಗುವ ಮಗುವಿಗೆ ಎರಡೂ ಇರಬಹುದು. ಇದು ತಿಳಿಯಬೇಕಾದರೆ ಯಾರಾದರೂ ತಿಂಗಳು ಗುರುತು ಹಾಕಿಡಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ತಾಯಂದಿರಿಗೆ ಸೀನಿನ ಲೆಕ್ಕ, ನಿದ್ದೆಯ ಲೆಕ್ಕ ಬರೆಯುವುದೇನೂ ಕಷ್ಟವಲ್ಲ.

ಆದರೆ ನಡೆಯುವುದೇ ಬೇರೆ. ಸೀನು ಜಾಸ್ತಿಯಾದರೆ ಮೆಡಿಕಲ್ ಸ್ಟೋರಿಗೆ ಹೋಗಿ "ನೆಗಡಿ ಸಿರಪ್ ಕೊಡಿ" ಎನ್ನುತ್ತೇವೆ. ಹಳೆಯ ಕಾಲದ ನೆಗಡಿ ಔಷಧಗಳಲ್ಲಿರುವ ಕ್ಲೋರ್‌ಫೆನಿರಮೈನ್ ಮಂಪರು ತರುತ್ತದೆ, ಕೆಲವು ಮಕ್ಕಳಲ್ಲಿ ಅದಕ್ಕೆ ವಿರುದ್ಧವಾಗಿ ಕೆರಳಿಸುತ್ತದೆ. ಅದನ್ನೂ ಮೂಗು ಬಿಡಿಸುವ ಫಿನೈಲೆಫ್ರಿನ್ ಅನ್ನೂ ಬೆರೆಸಿದ ಔಷಧ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೇಡವೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದರು. ಇಂಗ್ಲೆಂಡಿನಲ್ಲಿ 15ರಿಂದ 17 ವರ್ಷದ 1,834 ವಿದ್ಯಾರ್ಥಿಗಳನ್ನು ನೋಡಿ 2007ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸ್ಪಷ್ಟ. ಪರೀಕ್ಷೆಯ ದಿನಗಳಲ್ಲಿ ಪರಾಗದ ಅಲರ್ಜಿ ಕಾಡುತ್ತಿದ್ದವರು ಒಂದು ಗ್ರೇಡ್ ಕೆಳಗಿಳಿಯುವ ಸಂಭವ ಶೇಕಡಾ 40ರಷ್ಟು ಹೆಚ್ಚಿತ್ತು, ಮಂಪರಿನ ಮಾತ್ರೆ ನುಂಗಿದ್ದವರಲ್ಲಿ ಅದು ಶೇಕಡಾ 70ರಷ್ಟು ಹೆಚ್ಚಿತ್ತು. ಎಡಿಎಚ್‌ಡಿ ಇಲ್ಲದ ಮಕ್ಕಳೂ ಸೇರಿದ ಲೆಕ್ಕ ಇದು.

ಮಾಂಟೆಲುಕಾಸ್ಟ್ ಎಂಬ ಇನ್ನೊಂದು ಮಾತ್ರೆ ನಮ್ಮಲ್ಲಿ ಮಿಠಾಯಿಯಂತೆ ಓಡುತ್ತಿದೆ. ಕೆಟ್ಟ ಕನಸು, ತಳಮಳ, ಸಿಟ್ಟು, ಆತ್ಮಹತ್ಯೆಯ ಯೋಚನೆ ಬರಬಹುದೆಂದು 2020ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ಇಲಾಖೆ ಅದರ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಬರೀ ಮೂಗಿನ ಅಲರ್ಜಿಗೆ ಬೇರೆ ಔಷಧ ನಾಟದಿದ್ದರೆ ಮಾತ್ರ ಕೊಡಿ ಎಂದಿತು. ಅಸ್ತಮಾಕ್ಕೆಂದು ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ಮಗು ಕೆರಳಿದರೆ ಕಾಯಿಲೆ ಕೆರಳಿತೋ ಮಾತ್ರೆ ಕೆರಳಿಸಿತೋ ಎಂದಾದರೂ ಕೇಳಬೇಡವೇ? ಇತ್ತ ಮೂಗಿಗೆ ಸಿಂಪಡಿಸುವ ಸ್ಪ್ರೇ ಬರೆದುಕೊಟ್ಟರೆ "ಸ್ಟೀರಾಯ್ಡ್ ಅಂತೆ, ಬೇಡಪ್ಪ" ಎಂದು ಮೂಲೆಗಿಡುತ್ತೇವೆ. ವೈದ್ಯರು ಹೇಳಿದಂತೆ ಬಳಸಿದರೆ ಮಂಪರಿಲ್ಲದೆ ಕೆಲಸ ಮಾಡುವುದು ಅದೇ. ಉಪ್ಪುನೀರಿನಿಂದ ಮೂಗು ತೊಳೆಸುವುದೂ ಅಗ್ಗದ, ಒಳ್ಳೆಯ ಉಪಾಯ, ನೀರು ಕುದಿಸಿ ಆರಿಸಿದ್ದಾಗಿರಬೇಕು ಅಷ್ಟೆ.

ಇನ್ನೊಂದು ತೊಡಕು ಆಸ್ಪತ್ರೆಗಳದು. ಮೂಗಿಗೊಂದು ಚೀಟಿ, ಮನಸ್ಸಿಗೊಂದು ಚೀಟಿ. ಮನಸ್ಸಿನ ಚೀಟಿ ಮಾಡಿಸಲು ನಮ್ಮವರು ಹೋಗುವುದು ನಿಮ್ಹಾನ್ಸ್‌ಗೆ. ಅದು ಇರುವ ರಸ್ತೆಗೆ ನಮ್ಮ ಊರಿನದೇ ಹೆಸರು, ಹೊಸೂರು ರಸ್ತೆ. ಅಲ್ಲಿ ಕನ್ನಡದಲ್ಲಿ ಮಗುವಿನ ಕಥೆ ಹೇಳುತ್ತಾರೆ, ಬಂದು ಇಲ್ಲಿ ತಮಿಳಿನಲ್ಲಿ ನೆಗಡಿಯ ಕಥೆ ಹೇಳುತ್ತಾರೆ. ಅಲ್ಲಿಯ ಮಾತ್ರೆಯ ಹೆಸರು ಇಲ್ಲಿಗೆ, ಇಲ್ಲಿಯ ಸಿರಪ್ಪಿನ ಹೆಸರು ಅಲ್ಲಿಗೆ ತಲುಪುವುದಿಲ್ಲ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎದೆಬಡಿತ ಹೆಚ್ಚಿಸುತ್ತದೆ, ನಿದ್ದೆ ಕಡಿಮೆ ಮಾಡುತ್ತದೆ. ಮೂಗು ಬಿಡಿಸುವ ಕೆಲವು ಔಷಧಗಳ ಗುಣವೂ ಅದೇ. ಎರಡನ್ನೂ ಒಟ್ಟಿಗೆ ಕೊಟ್ಟರೆ ಏನಾದೀತು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ಬಂದು ಮಕ್ಕಳನ್ನು ನೋಡಬೇಕು. ಅವರು ಹುಡುಕಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಇದೆ, ಕಿವಿ ಸೋರುವುದಿದೆ, ಉಬ್ಬಸ ಇದೆ. ಮೂಗು ಇಲ್ಲ! ಪಟ್ಟಿ ತಿದ್ದಲು ದೆಹಲಿಗೆ ಹೋಗಬೇಕು, ಆದರೆ ತಂಡ ಬಂದಾಗ ಮೂಗನ್ನೂ ನೋಡಿ ಎನ್ನಲು ಹೆಡ್‌ಮಾಸ್ಟರರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. 2022ರ ಜನವರಿಯಲ್ಲಿ ಕೃಷ್ಣಗಿರಿಯ ಸರ್ಕಾರಿ ಮೆಡಿಕಲ್ ಕಾಲೇಜು ಉದ್ಘಾಟನೆಯಾಯಿತು. ಅಲ್ಲಿ ಮೂಗಿನ ವೈದ್ಯರೂ ಮನೋವೈದ್ಯರೂ ತಿಂಗಳಿಗೊಂದು ದಿನ ಒಂದೇ ಕೋಣೆಯಲ್ಲಿ ಕೂತು ಈ ಮಕ್ಕಳನ್ನು ನೋಡಲಿ, ಕನ್ನಡ, ತೆಲುಗು ಬಲ್ಲ ಒಬ್ಬ ನರ್ಸ್ ಜೊತೆಗಿರಲಿ. ಪಂಚಾಯಿತಿಯವರು ಶಾಲೆಯ ಮುಂದಿನ ರಸ್ತೆಯಲ್ಲಿ ರಾಗಿ ಹರಡುವುದನ್ನಾದರೂ ತಡೆಯಲಿ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆ ಜುಲೈನಲ್ಲೇ ಕೀಳಿಸಲಿ. ಅದನ್ನು ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋ ದುಂಬಿಯ ಮೇಲೆ ಪೂರ್ತಿ ಭಾರ ಹಾಕಿ ಕೂರುವಂತಿಲ್ಲ. ಕೀಳುವವರು ಕೈಗವಸು ತೊಟ್ಟ ದೊಡ್ಡವರಾಗಿರಲಿ. ಶ್ರಮದಾನದ ಹೆಸರಿನಲ್ಲಿ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬರಿಗೈಯಲ್ಲಿ ಆ ಗಿಡ ಕೀಳಿಸುವುದನ್ನು ಈ ವರ್ಷದಿಂದಲೇ ನಿಲ್ಲಿಸಬೇಕು.