ಹಾರುವ ಮಕ್ಕಳ ಕ್ಷೇಮಕ್ಕಾಗಿ ಒಂದು ವಿಜ್ಞಾಪನೆ

ನ್ಯಾಷನಲ್ ಕೆಡೆಟ್ ಕೋರ್‌ನ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯದ ಮಾನ್ಯ ಉಪಮಹಾನಿರ್ದೇಶಕರಿಗೆ, ಬೆಂಗಳೂರು

ಮಹನೀಯರೆ,

ವಿಮಾನವೆಂಬುದನ್ನು ಹುಬ್ಬಳ್ಳಿಯ ಕಡೆಗೆ ಇಳಿಯುತ್ತಿರುವ ದೂರದ ಸದ್ದಾಗಿ ಮಾತ್ರ ಕೇಳುವ ಶಿಗ್ಗಾಂವದಂಥ ಊರಿನಿಂದ, ವೈಮಾನಿಕ ಸುರಕ್ಷತೆಯ ವಿಷಯವಾಗಿ ನಿವೃತ್ತ ಶಿಕ್ಷಕನೊಬ್ಬನು ತಮಗೆ ಬಹಿರಂಗವಾಗಿ ಪತ್ರ ಬರೆಯುವುದು ಕೆಲವರಿಗೆ ಅಧಿಕಪ್ರಸಂಗವಾಗಿ ತೋರಬಹುದು. ಆದರೆ ಹಾನಗಲ್ಲಿನ ಭತ್ತದ ಗದ್ದೆಗಳಿಂದಲೂ, ಸವಣೂರಿನ ವೀಳ್ಯದೆಲೆಯ ತೋಟಗಳಿಂದಲೂ, ಹಿರೇಕೆರೂರಿನ ಗೋವಿನಜೋಳದ ಹೊಲಗಳಿಂದಲೂ ಹೊರಟು ಬೆಂಗಳೂರು, ಮೈಸೂರುಗಳ ಕಾಲೇಜುಗಳನ್ನು ಸೇರುವ ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು ತಮ್ಮ ಸಂಸ್ಥೆಯ ವಾಯು ವಿಭಾಗದ ನೀಲಿ ಸಮವಸ್ತ್ರವನ್ನು ತೊಟ್ಟು, ಹೆತ್ತವರು ಕನಸಿನಲ್ಲಿಯೂ ಎಣಿಸದಿದ್ದ ಎತ್ತರಕ್ಕೆ ಏರುವ ಆಸೆ ಹೊತ್ತಿರುತ್ತಾರೆ. ಆ ಆಸೆಯನ್ನು ಬಿತ್ತಿದವರಲ್ಲಿ ನಾವು ಶಿಕ್ಷಕರೂ ಇದ್ದೇವೆ. ಬಿತ್ತಿದವನಿಗೆ ಬೆಳೆಯ ಕಾವಲಿನ ಚಿಂತೆ ಇರುವುದು ಸಹಜವಷ್ಟೆ.

ಪಂಡಿತ ಹೃದಯನಾಥ ಕುಂಜ್ರು ಅವರ ಸಮಿತಿಯ ಶಿಫಾರಸಿನಂತೆ 1948ರಲ್ಲಿ ಕಾಯಿದೆಯಾಗಿ ಹುಟ್ಟಿದ ತಮ್ಮ ಸಂಸ್ಥೆಯು, 1950ರ ಏಪ್ರಿಲ್ 1ರಂದು ಮುಂಬಯಿಯಲ್ಲಿ ಒಂದು, ಕಲ್ಕತ್ತೆಯಲ್ಲಿ ಒಂದು ದಳದೊಡನೆ ವಾಯು ವಿಭಾಗವನ್ನು ಆರಂಭಿಸಿತು. ಚೀನದ ಆಕ್ರಮಣದ ತರುವಾಯ ಕೆಲವು ಕಾಲ ಕಡ್ಡಾಯವಾಗಿದ್ದ ಈ ಶಿಕ್ಷಣವು 1968ರಿಂದ ಮತ್ತೆ ಸ್ವಇಚ್ಛೆಯದಾಯಿತು. ಇಂದು ಇದರೊಳಗೆ ಬರುವ ಮಗುವು ತಾನಾಗಿ ಬರುತ್ತದೆ. ಅದನ್ನು ನೋಡಿಕೊಳ್ಳುವ ಸಹಾಯಕ ಅಧಿಕಾರಿಯು ಕಾಲೇಜಿನಲ್ಲಿ ಪಾಠ ಹೇಳಿ, ಉಳಿದ ಹೊತ್ತನ್ನು ಅಲ್ಪ ಗೌರವಧನಕ್ಕೆ ಇಲ್ಲಿ ಸವೆಸುವ ಅಧ್ಯಾಪಕನಾಗಿರುತ್ತಾನೆ. ಸಂಬಳಕ್ಕಾಗಿ ದುಡಿಯುವವನು ಆಯಾಸವಾದಾಗ ಕೆಲಸವನ್ನು ನಾಳೆಗೆ ಬಿಡಬಲ್ಲನು. ಉತ್ಸಾಹದಿಂದ ದುಡಿಯುವವನು ಆಯಾಸವನ್ನು ಒಪ್ಪಿಕೊಳ್ಳುವುದೇ ಇಲ್ಲ. ಸ್ವಯಂಸೇವೆಯ ಸಂಸ್ಥೆಗಳಲ್ಲಿ ಅಪಾಯವು ಸೋಮಾರಿತನದಿಂದ ಬರುವುದಕ್ಕಿಂತ ಹೆಚ್ಚಾಗಿ ಉತ್ಸಾಹದ ಬೆನ್ನೇರಿ ಬರುತ್ತದೆಯೆಂದು ನಾನು ನಂಬಿದ್ದೇನೆ.

ಇದು ಕೇವಲ ಊಹೆಯ ಭೀತಿಯಲ್ಲ. 2020ರ ಫೆಬ್ರವರಿ 24ರಂದು ಪಟಿಯಾಲದಲ್ಲಿ ತಮ್ಮದೇ ಸಂಸ್ಥೆಯ ಹಗುರ ವಿಮಾನವೊಂದು ಬಿದ್ದು, ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ದರ್ಜೆಯ ಹಿರಿಯ ವೈಮಾನಿಕರೊಬ್ಬರು ಪ್ರಾಣ ತೆತ್ತರು. ಜೊತೆಯಲ್ಲಿದ್ದ ಕೆಡೆಟ್ಟು ಗಾಯಗೊಂಡನು. ಅದರ ಕಾರಣಗಳನ್ನು ಇಲ್ಲಿ ವಿಚಾರಿಸುವುದು ನನ್ನ ಉದ್ದೇಶವಲ್ಲ. ಅನುಭವವು ಎಷ್ಟೇ ದೊಡ್ಡದಾಗಿದ್ದರೂ ಅದೊಂದೇ ರಕ್ಷೆಯಾಗಲಾರದೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷ್ಯ ಬೇಡವೆಂದಷ್ಟೇ ಹೇಳುತ್ತೇನೆ.

ಹಾಗಾದರೆ ರಕ್ಷೆ ಯಾವುದು? ಈ ಪ್ರಶ್ನೆಗೆ ನಮ್ಮ ನಾಡಿನ ನೆಲದಲ್ಲಿಯೇ ಒಂದು ದಾರುಣವಾದ ಉತ್ತರವಿದೆ. 2010ರ ಮೇ 22ರ ಮುಂಜಾನೆ ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನವು ಓಡುದಾರಿಯನ್ನು ದಾಟಿ ಕಣಿವೆಗೆ ಉರುಳಿ 158 ಜನ ಮಡಿದರು. ಉಳಿದವರು ಎಂಟೇ ಮಂದಿ. ವಿಮಾನವು ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು, ವೇಗವೂ ಹೆಚ್ಚಾಗಿತ್ತು. ಇಳಿಯುವುದನ್ನು ಬಿಟ್ಟು ಮತ್ತೊಮ್ಮೆ ಮೇಲೇರೋಣವೆಂದು ಸಹವೈಮಾನಿಕರು ಮೂರು ಸಲ ಹೇಳಿದ್ದರೆಂಬುದನ್ನು ತನಿಖಾ ನ್ಯಾಯಾಲಯವು ದಾಖಲಿಸಿತು. ತಿಳಿವಳಿಕೆಯು ವೈಮಾನಿಕರ ಕೋಣೆಯೊಳಗೆಯೇ ಇತ್ತು, ಬಾಯಿಬಿಟ್ಟು ಹೇಳಿಯೂ ಆಗಿತ್ತು; ಆದರೆ ಕಿರಿಯನ ಆ ಮಾತಿಗೆ ಹಿರಿಯನ ಕೈಯನ್ನು ತಡೆಯುವ ಸ್ಪಷ್ಟವಾದ ಅಧಿಕಾರವಿರಲಿಲ್ಲ. ಮಹನೀಯರೆ, ಈ ಪತ್ರದಲ್ಲಿ ನಾನು ಬೇಡುವುದೆಲ್ಲವೂ ಈ ಒಂದು ಅಧಿಕಾರದ ಸುತ್ತಲೇ ಇದೆ. ತಮ್ಮ ದಳಗಳ ಅತ್ಯಂತ ಕಿರಿಯ ಕೆಡೆಟ್ಟು, ತನಗೆ ಸಂಶಯ ಬಂದ ಕ್ಷಣದಲ್ಲಿ "ನಿಲ್ಲಿಸಿ" ಎಂದರೆ, ಆ ಕೆಲಸವು ಅಲ್ಲಿಗೇ ನಿಲ್ಲತಕ್ಕದ್ದು. ಸಂಶಯವು ಸುಳ್ಳಾಗಿದ್ದರೂ ಆ ಮಗುವಿಗೆ ಗದರಿಕೆ ಸಲ್ಲತಕ್ಕದ್ದಲ್ಲ. ಏಕತೆ ಮತ್ತು ಶಿಸ್ತನ್ನು ಧ್ಯೇಯವಾಗಿ ಹೊತ್ತ ಸಂಸ್ಥೆಯಲ್ಲಿ ಇದು ಶಿಸ್ತಿಗೆ ವಿರೋಧವೆಂದು ತೋರಬಾರದು. ಮೇಲಿನವರ ಆಜ್ಞೆಯನ್ನು ಪಾಲಿಸುವುದು ಶಿಸ್ತಿನ ಒಂದು ಮುಖವಾದರೆ, ಕೆಳಗಿನವರು ಕಂಡ ಅಪಾಯವನ್ನು ಮನ್ನಿಸುವುದು ಅದರ ಇನ್ನೊಂದು ಮುಖ.

ನಮ್ಮ ಕಡೆಯ ಮಕ್ಕಳ ಸ್ವಭಾವವನ್ನು ಬಲ್ಲವನಾದುದರಿಂದ ಇದನ್ನು ಒತ್ತಿ ಹೇಳುತ್ತೇನೆ. ಹಿರಿಯರೆದುರು ಎದುರಾಡಬಾರದೆಂದು ನಾವೇ ಅವರಿಗೆ ಕಲಿಸಿದ್ದೇವೆ. ಕವಾಯತಿನ ಆಜ್ಞೆಗಳು ಹಿಂದಿಯಲ್ಲಿ, ವಿಮಾನದ ವಿವರಣೆ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗನು ಅರ್ಧ ತಿಳಿದು, ಅರ್ಧ ತಿಳಿಯದೆ, ಕೇಳಿದರೆ ದಡ್ಡನೆನಿಸಿಕೊಂಡೇನೆಂಬ ನಾಚಿಕೆಯಿಂದ "ಹೂಂ ರೀ ಸರ್" ಎಂದು ತಲೆದೂಗುತ್ತಾನೆ. ಪಾಠದ ಕೋಣೆಯಲ್ಲಿ ಆ ತಲೆದೂಗುವಿಕೆಗೆ ತೆರಬೇಕಾದ ಬೆಲೆ ಕೆಲವು ಅಂಕಗಳು. ವಿಮಾನದ ಮಗ್ಗುಲಲ್ಲಿ ಅದರ ಬೆಲೆ ಬೇರೆ. ಆದುದರಿಂದ ಹಾರಾಟಕ್ಕೆ ಮೊದಲಿನ ಸುರಕ್ಷತೆಯ ತಿಳುವಳಿಕೆಯನ್ನು ಕನ್ನಡದಲ್ಲಿಯೂ ಹೇಳಿ, ತಿಳಿಯಿತೇ ಎಂದು ಕೇಳುವುದರ ಬದಲು, ತಿಳಿದುದನ್ನು ಮಗುವಿನ ಬಾಯಿಂದಲೇ ಮರಳಿ ಹೇಳಿಸುವ ಪದ್ಧತಿಯಾಗಲಿ.

ಇನ್ನು ನೆಲದ ಮೇಲಿನ ಸಂಗತಿ. ಆಕಾಶದ ಅಪಘಾತವು ಪತ್ರಿಕೆಗಳಿಗೆ ಸುದ್ದಿಯಾಗುತ್ತದೆ. ನೆಲದ ಮೇಲೆ ಮುರಿದ ಬೆರಳು ಯಾರಿಗೂ ಸುದ್ದಿಯಲ್ಲ. ತಮ್ಮ ದಳಗಳು ಈಗ ಹಾರಿಸುವ, ಸ್ಲೊವೇನಿಯಾದ ಪಿಪಿಸ್ಟ್ರೆಲ್ ಸಂಸ್ಥೆಯ ವೈರಸ್ ಎಸ್‌ಡಬ್ಲ್ಯು 80 ವಿಮಾನಕ್ಕೆ ರೋಟಾಕ್ಸ್ ಎಂಜಿನ್ನು ಇದೆಯಷ್ಟೆ. ಆ ಜಾತಿಯ ಎಂಜಿನ್ನಿನಲ್ಲಿ ಎಣ್ಣೆಯ ಮಟ್ಟವನ್ನು ನೋಡಬೇಕಾದರೆ ಮೊದಲು ಪ್ರೊಪೆಲ್ಲರನ್ನು ಕೈಯಿಂದಲೇ ಮೆಲ್ಲಗೆ ಸುತ್ತಿಸಬೇಕು. ಎಣ್ಣೆಯ ತೊಟ್ಟಿಯೊಳಗಿಂದ ಗುಳುಗುಳು ಸದ್ದು ಕೇಳಿಸಿದ ಮೇಲೆಯೇ ಅಳತೆಕಡ್ಡಿಯನ್ನು ಎತ್ತಿ ನೋಡಬೇಕು. ಇಗ್ನಿಷನ್ ಸ್ವಿಚ್ಚುಗಳೆರಡೂ ಆರಿವೆಯೆಂದು ಕಣ್ಣಿನಿಂದ ಕಂಡು, ಬಾಯಿಂದ ಹೇಳಿ, ಚಕ್ರಗಳಿಗೆ ಅಡ್ಡ ಇಟ್ಟಿದೆಯೆಂದು ಖಾತ್ರಿಯಾದ ಮೇಲಲ್ಲದೆ ಆ ಅಲಗನ್ನು ಮುಟ್ಟಬಾರದು. ಸ್ವಿಚ್ಚು ಆರಿದ್ದರೂ ಅದು ಈಗಲೇ ಹೊತ್ತಿಕೊಂಡು ತಿರುಗೀತೆಂಬ ಭಾವನೆಯಿಂದಲೇ ನಿಲ್ಲಬೇಕು. ಸುಗ್ಗಿಯ ಕಾಲದಲ್ಲಿ ನಮ್ಮ ಕಣಗಳಲ್ಲಿ ರಾಶಿ ಮಾಡುವ ಮಷಿನ್ನಿಗೆ ಕೈ ಕೊಟ್ಟು ಕಳೆದುಕೊಳ್ಳುವವರು ಹೊಸಬರಲ್ಲ. ವರ್ಷಗಟ್ಟಲೆ ಅದರೊಡನೆ ಪಳಗಿ, ಅದರ ಭಯವನ್ನು ಮರೆತ ಹಳಬರೇ ಹೆಚ್ಚು. ಪ್ರೊಪೆಲ್ಲರಿನ ವಿಷಯದಲ್ಲಿಯೂ ಹೀಗೆಯೇ, ಪಳಗಿದವರ ಕೈಯನ್ನು ಕಾಯುವ ನಿಯಮಗಳು ಹೊಸಬರ ನಿಯಮಗಳಿಗಿಂತ ಕಟ್ಟುನಿಟ್ಟಾಗಿರತಕ್ಕದ್ದು.

ಪೆಟ್ರೋಲು ತುಂಬುವಾಗ ಡಬ್ಬಿಗೂ ವಿಮಾನಕ್ಕೂ ತಂತಿ ಕಟ್ಟಿ ಸ್ಥಾಯೀ ವಿದ್ಯುತ್ತನ್ನು ಹರಿದುಹೋಗಗೊಡುವುದು. ಇಡೀ ವಿಮಾನವನ್ನೇ ಕೆಳಗಿಳಿಸುವ ಪ್ಯಾರಾಚೂಟನ್ನು ರಾಕೆಟ್ಟಿನಿಂದ ಹೊರಚಿಮ್ಮಿಸುವ ಏರ್ಪಾಡಿರುವ ಹಗುರ ವಿಮಾನಗಳಲ್ಲಿ, ನೆಲಕ್ಕಿಳಿದೊಡನೆ ಅದರ ಸುರಕ್ಷತೆಯ ಪಿನ್ನನ್ನು ತಪ್ಪದೆ ಸಿಕ್ಕಿಸುವುದು. ಕೆಡೆಟ್ಟುಗಳು ತಂತಿಯ ತುದಿಯಲ್ಲಿ ಸುತ್ತು ಹಾರಿಸುವ ಮಾದರಿ ವಿಮಾನಗಳನ್ನು ವಿದ್ಯುತ್ ತಂತಿಗಳ ಬಳಿ ಎಂದಿಗೂ ಹಾರಿಸದಿರುವುದು. ಆ ಪುಟ್ಟ ಎಂಜಿನ್ನುಗಳನ್ನು ಬೆರಳಿನಿಂದ ಚಾಲೂ ಮಾಡದೆ ಕೋಲಿನಿಂದ ಮಾಡುವುದು: ಇವೆಲ್ಲ ತಮ್ಮ ಅಧಿಕಾರಿಗಳು ಬಲ್ಲ ಸಂಗತಿಗಳೇ. ಬಲ್ಲ ಸಂಗತಿಯು ಪ್ರತಿದಿನವೂ ನಡೆಯುತ್ತಿದೆಯೇ ಎಂದು ನೋಡುವವನು ಯಾರು ಎಂಬುದಷ್ಟೇ ಉಳಿಯುವ ಪ್ರಶ್ನೆ.

ಈ ಪ್ರಶ್ನೆಯನ್ನು ನನಗಿಂತ ಮೊದಲು ಕೇಳಿದವನು ಸವಣೂರು ತಾಲ್ಲೂಕಿನ ಒಬ್ಬ ರೈತ. ಮಗಳು ಕಳಿಸಿದ ಶಿಬಿರದ ಸಮ್ಮತಿಪತ್ರವನ್ನು ಅಂಗಿಯ ಕಿಸೆಯಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡು, ಸಂತೆಯ ದಿನ ನಮ್ಮ ಮನೆಯ ಕಟ್ಟೆಗೆ ಬಂದು, "ಇದರಾಗ ಏನ್ ಬರದಾರ, ಒಂದೀಟು ಓದಿ ಹೇಳ್ರೀ ಸರ. ತಿಳೀದ ಸಹಿ ಮಾಡಬ್ಯಾಡಂತ ನೀವ ಕಲಿಸೀರಿ" ಎಂದನು. ಇಂಗ್ಲಿಷಿನಲ್ಲಿದ್ದ ಆ ಹಾಳೆಯಲ್ಲಿ, ಅಪಾಯ ಸಂಭವಿಸಿದರೆ ಹೊಣೆ ನಮ್ಮದೇ ಎಂದು ಹೆತ್ತವರು ಒಪ್ಪುವ ಮಾತು ಇತ್ತು. ಆ ಅಪಾಯ ಯಾವುದು, ಅದನ್ನು ತಡೆಯಲು ಏನು ಮಾಡಲಾಗಿದೆ ಎಂಬ ಮಾತು ಇರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಅವನು ಹೇಳಿದನು: "ಮ್ಯಾಲೆ ಹಾರಿಸಾವ್ರು ದೊಡ್ಡ ಸಾಹೇಬ್ರು ಇರ್ತಾರ, ಅದರ ಚಿಂತಿ ನನಗಿಲ್ಲರೀ. ಕೆಳಗ ನಿಂತಾಗ ನಮ್ಮ ಹುಡುಗೀನ ಯಾರ್ ನೋಡಿಕೊಂತಾರ್ರೀ?" ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವು ತಮ್ಮ ಕಚೇರಿಯಿಂದ ಬರಬೇಕಾಗಿದೆ.

ನೆಲವನ್ನು ನೋಡಿಕೊಳ್ಳುವವನು ಹಾರಾಟದ ವೇಳಾಪಟ್ಟಿಯನ್ನು ನೋಡಿಕೊಳ್ಳುವವನೇ ಆಗಿರಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಸಂಜೆಯೊಳಗೆ ಇಷ್ಟು ಮಕ್ಕಳನ್ನು ಹಾರಿಸಿ ಮುಗಿಸಬೇಕೆಂಬ ಹೊಣೆ ಹೊತ್ತವನ ಕಣ್ಣಿಗೆ ಗಡಿಯಾರವು ಮೊದಲು ಕಾಣುತ್ತದೆ, ಒಣಗಿದ ಹುಲ್ಲು ಆಮೇಲೆ. ಒಣಹುಲ್ಲಿನ ಮಾತನ್ನು ಸುಮ್ಮನೆ ಆಡಲಿಲ್ಲ. 2019ರ ಫೆಬ್ರವರಿ 23ರಂದು, ಯಲಹಂಕದ ವೈಮಾನಿಕ ಪ್ರದರ್ಶನದ ಹೊತ್ತಿನಲ್ಲಿ, ವಾಹನ ನಿಲುಗಡೆಯ ಬಯಲಿನಲ್ಲಿ ಹೊತ್ತಿದ ಬೆಂಕಿಯು ಒಣಹುಲ್ಲನ್ನೂ ಗಾಳಿಯನ್ನೂ ಹಿಡಿದು ಸುಮಾರು 300 ಕಾರುಗಳನ್ನು ಸುಟ್ಟಿತು. ಅದಕ್ಕೆ ನಾಲ್ಕೇ ದಿನಗಳ ಹಿಂದೆ ಸೂರ್ಯಕಿರಣ ತಂಡದ ಎರಡು ವಿಮಾನಗಳು ತಾಲೀಮಿನಲ್ಲಿ ಒಂದಕ್ಕೊಂದು ತಗಲಿ ವೈಮಾನಿಕರೊಬ್ಬರು ತೀರಿಕೊಂಡಿದ್ದರು. ಎಲ್ಲರ ಕಣ್ಣೂ ಆಕಾಶದ ಮೇಲಿದ್ದ ಆ ವಾರದಲ್ಲಿ, ಎರಡನೆಯ ಅನಾಹುತವು ವಿಮಾನವೇ ಇಲ್ಲದ ಬಯಲಿನಿಂದ ಬಂದಿತು.

ಸಣ್ಣ ತಪ್ಪುಗಳನ್ನು ಬಚ್ಚಿಡದೆ ಹೇಳುವ ಧೈರ್ಯವನ್ನು ಮಕ್ಕಳಲ್ಲಿಯೂ ಅಧ್ಯಾಪಕರಲ್ಲಿಯೂ ಹುಟ್ಟಿಸುವುದು ಮುಂದಿನ ಮಾತು. ಅಮೆರಿಕದಲ್ಲಿ 1976ರಿಂದ ನಾಸಾ ಸಂಸ್ಥೆಯು ನಡೆಸುತ್ತಿರುವ ವರದಿ ವ್ಯವಸ್ಥೆಯಲ್ಲಿ, ವೈಮಾನಿಕರು ತಾವು ಕಂಡ ಅಥವಾ ತಮ್ಮಿಂದಲೇ ಆದ ಲೋಪವನ್ನು ಬರೆದು ಕಳಿಸಿದರೆ, ಹೆಸರನ್ನು ಅಳಿಸಿ, ಅದರೊಳಗಿನ ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ದಂಡಿಸುವ ಇಲಾಖೆಯ ಕೈಗೆ ಕೊಡದೆ ಬೇರೊಂದು ಸಂಸ್ಥೆಯು ಅದನ್ನು ಇಟ್ಟುಕೊಂಡುದೇ ಅದರ ಜೀವಾಳ. ನಮ್ಮಲ್ಲಿಯೂ ಪ್ರತಿ ದಳದಲ್ಲಿ ಹೆಸರಿಲ್ಲದೆ ಚೀಟಿ ಹಾಕಬಹುದಾದ ಪೆಟ್ಟಿಗೆಯೊಂದಿರಲಿ. ಅದರ ಬೀಗದ ಕೈ ಆ ದಳದ ಅಧಿಕಾರಿಯ ಬಳಿ ಇರದಿರಲಿ. ಬಂದ ಚೀಟಿಗೆ ಏನು ಮಾಡಲಾಯಿತೆಂಬುದನ್ನು ತಿಂಗಳಿಗೊಮ್ಮೆ ಕವಾಯತಿನ ಸಾಲಿನೆದುರು ಓದಿ ಹೇಳಲಿ. ಉತ್ತರ ಬಾರದ ಪೆಟ್ಟಿಗೆಗೆ ಎರಡನೆಯ ಸಲ ಯಾರೂ ಚೀಟಿ ಹಾಕುವುದಿಲ್ಲ. ಇದನ್ನು ಶಾಲೆಗಳ ದೂರುಪೆಟ್ಟಿಗೆಗಳಲ್ಲಿ ಜೇಡ ಕಟ್ಟಿದ ಬಲೆಯನ್ನು ಕಂಡವನಾಗಿ ಹೇಳುತ್ತಿದ್ದೇನೆ.

ಹಾರಾಟವನ್ನು ನಿಲ್ಲಿಸುವುದು ಅಪಮಾನವೆಂಬ ಭಾವನೆಯೂ ಹೋಗಬೇಕು. 2014ರ ಏಪ್ರಿಲಿನಲ್ಲಿ ಬ್ರಿಟನ್ನಿನ ವಾಯುಪಡೆಯು, ಕೆಡೆಟ್ಟುಗಳು ಹಾರುತ್ತಿದ್ದ ಗ್ಲೈಡರುಗಳ ಹಾರಾಟಯೋಗ್ಯತೆಯ ವಿಷಯದಲ್ಲಿ ಸಂಶಯ ಬಂದಾಗ, ಆ ಗ್ಲೈಡರುಗಳೆಲ್ಲವನ್ನೂ ನೆಲಕ್ಕಿಳಿಸಿತು. ವರ್ಷಗಳೇ ಕಳೆದವು, ಹಲವು ಸ್ವಯಂಸೇವಕ ಘಟಕಗಳು ಮುಚ್ಚಿಹೋದವು, ಅನೇಕ ಮಕ್ಕಳು ಗ್ಲೈಡರ್ ಏರದೆಯೇ ಸಮವಸ್ತ್ರ ಕಳಚಿದರು. ನಷ್ಟವು ದೊಡ್ಡದೇ. ಆದರೆ ಅದೇ ದೇಶದಲ್ಲಿ 2009ರಲ್ಲಿ ವೇಲ್ಸಿನ ಕಡಲತೀರದ ಮೇಲೆ ಕೆಡೆಟ್ಟುಗಳನ್ನು ಹೊತ್ತ ಎರಡು ತರಬೇತಿ ವಿಮಾನಗಳು ಡಿಕ್ಕಿ ಹೊಡೆದು ಇಬ್ಬರು ಹುಡುಗಿಯರೂ ಇಬ್ಬರು ವೈಮಾನಿಕರೂ ಸತ್ತುದನ್ನು ನೆನೆದರೆ, ಹಾರದೆ ಮನೆಗೆ ಮರಳಿದ ಮಕ್ಕಳ ನಿರಾಶೆಯನ್ನು ಸಹಿಸಬಹುದು. ಇಲ್ಲಿನ ಮಾತಿಗೆ ಬಂದರೆ, ಬೆಂಗಳೂರಿನ ಜಕ್ಕೂರು ವಿಮಾನನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಏಪ್ರಿಲಿನ ಮಧ್ಯಾಹ್ನ ಕಾದು ತೆಳುವಾದ ಗಾಳಿಯಲ್ಲಿ ರೆಕ್ಕೆಗೆ ಆಧಾರ ಕಡಮೆ, ಎಂಜಿನ್ನಿಗೆ ಬಲ ಕಡಮೆ. ಸಂಜೆಗೆ ಗುಡುಗು ಸಹಿತ ಅಡ್ಡಮಳೆ ಯಾವ ದಿಕ್ಕಿನಿಂದ ಬಂದೀತೆಂದು ಹೇಳಲಾಗದು. ಅಂಥ ದಿನ, ಸಾಲಿನಲ್ಲಿ ಇನ್ನೂ ಮಕ್ಕಳು ಕಾಯುತ್ತಿರುವಾಗಲೂ "ಇವತ್ತಿಗೆ ಸಾಕು" ಎಂದ ಅಧಿಕಾರಿಯನ್ನು, ಗುರಿ ಮುಟ್ಟಲಿಲ್ಲವೆಂದು ಕೇಳದೆ, ಪ್ರಶಂಸಿಸುವ ಪತ್ರವು ತಮ್ಮ ಸಹಿಯಿಂದ ಹೊರಡಲಿ. ಅಂಥ ಒಂದು ಪತ್ರವು ಮಾಡುವ ಕೆಲಸವನ್ನು ನೂರು ಸುತ್ತೋಲೆಗಳು ಮಾಡಲಾರವು.

ಶಿಬಿರಗಳಿಗೆ ಮಕ್ಕಳನ್ನು ರಾತ್ರಿಯೆಲ್ಲ ಹೆದ್ದಾರಿಯಲ್ಲಿ ಸಾಗಿಸಿ, ಬೆಳಗಾಗುತ್ತಲೇ ನಿದ್ರೆಗೆಟ್ಟ ಕಣ್ಣುಗಳೊಡನೆ ವಿಮಾನದ ಬಳಿ ನಿಲ್ಲಿಸುವ ರೂಢಿ ಎಲ್ಲಿಯಾದರೂ ಇದ್ದರೆ ಅದನ್ನು ತಪ್ಪಿಸಬೇಕೆಂಬುದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಸಮ್ಮತಿಪತ್ರದ ವಿಷಯದಲ್ಲಿ ಮಾತ್ರ ಒಂದು ನಿಶ್ಚಿತವಾದ ಬೇಡಿಕೆಯನ್ನು ಮುಂದಿಡುತ್ತೇನೆ. ಬರುವ ಶಿಬಿರದಿಂದಲೇ ಅದರೊಡನೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯಿರಲಿ: ಮಗು ಏನೇನು ಮಾಡಲಿದೆ, ಅದರಲ್ಲಿರುವ ಅಪಾಯಗಳೇನು, ಪ್ರತಿಯೊಂದಕ್ಕೂ ಸಂಸ್ಥೆಯು ವಹಿಸಿದ ಎಚ್ಚರಿಕೆ ಏನು, ನೆಲದ ಮೇಲೆ ಹೊಣೆಗಾರನಾದ ಅಧಿಕಾರಿ ಯಾರು, ತಂದೆತಾಯಿಗಳು ಯಾವ ದೂರವಾಣಿಗೆ ಮಾತಾಡಬಹುದು, ಮಗುವಿಗೆ ತಡೆಯುವ ಅಧಿಕಾರ ಯಾವಾಗಲೂ ಇದೆ ಎಂಬಿಷ್ಟು ಅದರಲ್ಲಿ ಸ್ಪಷ್ಟವಾಗಿ ಬರೆದಿರಲಿ. ಅದರ ಕರಡನ್ನು ಹಳ್ಳಿಯವರಿಗೆ ತಿಳಿಯುವ ಮಾತಿನಲ್ಲಿ ಸಿದ್ಧಪಡಿಸಿಕೊಡಲು ಈ ನಾಲ್ಕು ತಾಲ್ಲೂಕುಗಳ ನಿವೃತ್ತ ಶಿಕ್ಷಕರು ಕೆಲವರು ಯಾವ ಪ್ರತಿಫಲವನ್ನೂ ಬಯಸದೆ ಸಿದ್ಧರಿದ್ದೇವೆ. ತಾಂತ್ರಿಕ ವಿಷಯಗಳನ್ನು ತಿದ್ದಿಕೊಡಲು ತಮ್ಮ ಅಧಿಕಾರಿಯೊಬ್ಬರನ್ನು ನೇಮಿಸಿದರೆ, ಮುಂದಿನ ಶೈಕ್ಷಣಿಕ ವರ್ಷದ ದಾಖಲಾತಿಗೆ ಮೊದಲೇ ಅದು ಮುದ್ರಣಕ್ಕೆ ಹೋಗಬಲ್ಲುದು. ತಮ್ಮ ಉತ್ತರವನ್ನು ಎದುರುನೋಡುತ್ತಿರುವ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಶಿಗ್ಗಾಂವ, ಹಾವೇರಿ ಜಿಲ್ಲೆ